ಅಟ್ಲಾಂಟಿಕ್ ತೆರೆಗಳ ಬೆನ್ನು ಹತ್ತಿ

ನಜರೆಯ ಕಡಲತಡಿಯಲ್ಲಿ ಮೊದಲು ಮೂಗಿಗೆ ಬಡಿಯುವುದು ಒಣಮೀನಿನ ವಾಸನೆ. ಮರದ ಚೌಕಟ್ಟುಗಳಿಗೆ ಬಲೆ ಬಿಗಿದು ಮರಳಿನ ಮೇಲೆ ಸಾಲಾಗಿ ನಿಲ್ಲಿಸಿದ್ದಾರೆ. ಹೊಟ್ಟೆ ಸೀಳಿ, ಉಪ್ಪು ಹಾಕಿ, ಅಗಲವಾಗಿ ಬಿಡಿಸಿದ ಕರಪಾವ್ ಮೀನುಗಳು ಅವುಗಳ ಮೇಲೆ ಬಿಸಿಲಿಗೆ ಬಿದ್ದಿವೆ. ಕಪ್ಪು ಶಾಲು ಹೊದ್ದ ಅಜ್ಜಿಯೊಬ್ಬರು ಒಂದೊಂದನ್ನೇ ಬಾಲ ಹಿಡಿದು ಮಗುಚಿ ಹಾಕುತ್ತಾರೆ. ಅವರು ಉಟ್ಟಿರುವುದು ಮೊಣಕಾಲಿನವರೆಗಿನ, ಪದರ ಪದರದ ಲಂಗ. ಏಳು ಲಂಗಗಳನ್ನು ಒಂದರ ಮೇಲೊಂದು ತೊಡುವುದು ಈ ಊರಿನ ಮೀನುಗಾರ ಹೆಂಗಸರ ಹಳೆಯ ಪದ್ಧತಿ. ಅಜ್ಜಿಯ ಬೆನ್ನ ಹಿಂದಿನ ರಸ್ತೆಯಲ್ಲಿ, ನೆತ್ತಿಯ ಮೇಲೆ ಸರ್ಫ್ ಹಲಗೆಗಳನ್ನು ಕಟ್ಟಿಕೊಂಡ ವ್ಯಾನುಗಳು ಗುಡ್ಡದ ಕಡೆಗೆ ಏರುತ್ತಿವೆ. ಅಕ್ಟೋಬರ್ ಬಂತೆಂದರೆ ಪೋರ್ಚುಗಲ್ಲಿನ ಪಶ್ಚಿಮ ಕರಾವಳಿಗೆ ಇಂಥ ವ್ಯಾನುಗಳ ಸುಗ್ಗಿ. ನಮ್ಮ ಬಾಡಿಗೆ ವ್ಯಾನೂ ಅವುಗಳಲ್ಲಿ ಒಂದು.

ಗುಡ್ಡದ ತುದಿಯಲ್ಲಿ ಒಂದು ಹಳೆಯ ಕೋಟೆ, ಅದರ ತಲೆಯ ಮೇಲೆ ಕೆಂಪು ಬಣ್ಣದ ದೀಪಸ್ತಂಭ. ಅಲ್ಲಿಂದ ಬಲಕ್ಕೆ ಕಾಣುವುದೇ ಪ್ರಾಯಾ ದೊ ನೊರ್ತೆ, ಅಂದರೆ ಉತ್ತರದ ಕಡಲತೀರ. ಸರ್ಫಿಂಗ್ ಚರಿತ್ರೆಯಲ್ಲೇ ಅತಿ ಎತ್ತರದ ಅಲೆ ದಾಖಲಾದದ್ದು ಇಲ್ಲಿ. 2011ರ ನವೆಂಬರಿನಲ್ಲಿ ಹವಾಯಿಯ ಗ್ಯಾರೆಟ್ ಮೆಕ್‌ನಮಾರಾ 78 ಅಡಿಯ ಅಲೆಯಿಂದ ಜಾರಿಬಂದಾಗ ಜಗತ್ತಿಗೆ ಈ ಊರಿನ ಹೆಸರು ತಿಳಿಯಿತು. 2020ರ ಅಕ್ಟೋಬರಿನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟೂಟ್ನರ್ ಏರಿದ್ದು 86 ಅಡಿಯ ಅಲೆ.

ಇದರ ಗುಟ್ಟೆಲ್ಲ ನೀರಿನಡಿ ಇದೆ. ಕಡಲ ತಳದಲ್ಲಿ ಇನ್ನೂರು ಕಿಲೋಮೀಟರಿಗಿಂತಲೂ ಉದ್ದದ, ಆಚೆ ತುದಿಯಲ್ಲಿ ಸುಮಾರು 5 ಕಿಲೋಮೀಟರ್ ಆಳಕ್ಕಿಳಿಯುವ ಕಂದರವೊಂದು ನೇರ ಈ ಊರಿನ ಬುಡಕ್ಕೇ ಬಂದು ನಿಂತಿದೆ. ಉತ್ತರ ಅಟ್ಲಾಂಟಿಕ್‌ನ ಚಂಡಮಾರುತ ಎಬ್ಬಿಸಿದ ಅಲೆ, ಆಳವಿಲ್ಲದ ಕಡೆ ನೆಲಕ್ಕೆ ತಾಗಿ ವೇಗ ಕಳೆದುಕೊಳ್ಳುತ್ತದೆ. ಕಂದರದ ಮೇಲೆ ಬಂದ ಭಾಗಕ್ಕೆ ಆ ತಡೆಯಿಲ್ಲ. ಓಡಿಬಂದ ಅದು ಹೊರಳಿಕೊಂಡು, ಹಿಂದುಳಿದ ಭಾಗದ ಜೊತೆ ದಡದ ಬಳಿ ಕೂಡಿಕೊಳ್ಳುತ್ತದೆ. ಎರಡು ಅಲೆಗಳ ಎತ್ತರ ಒಂದಾಗುವುದು ಹೀಗೆ. ಕೈಯಿಂದ ಹುಟ್ಟು ಹಾಕಿ ಹಿಡಿಯಲಾಗದ ವೇಗ ಅದರದು. ಆದ್ದರಿಂದ ಜೆಟ್‌ಸ್ಕೀಗೆ ಹಗ್ಗ ಕಟ್ಟಿ ಸರ್ಫರ್‌ನನ್ನು ಅಲೆಯ ಮುಂದಕ್ಕೆ ಎಳೆದು ಬಿಡುತ್ತಾರೆ.

ಕೋಟೆಯ ಗೋಡೆಗೊರಗಿ ನಿಂತಾಗ ನನಗೆ ದಾಖಲೆಗಳಿಗಿಂತ ಹೆಚ್ಚು ನೆನಪಾದದ್ದು ಬ್ರೆಜಿಲ್‌ನ ಮಾಯಾ ಗಬೇರಾ. 2013ರಲ್ಲಿ ಇದೇ ನೀರಿನಲ್ಲಿ ಆಕೆ ಮುಳುಗಿ, ಪ್ರಜ್ಞೆ ತಪ್ಪಿದ್ದರು. ಜೊತೆಗಾರ ಕಾರ್ಲೋಸ್ ಬುರ್ಲೆ ದಡಕ್ಕೆಳೆದು ತಂದರು, ಮರಳಿನ ಮೇಲೆ ಎದೆಯೊತ್ತಿ ಉಸಿರು ಮರಳಿಸಿದರು. ಬೆನ್ನಿಗೆ ಶಸ್ತ್ರಚಿಕಿತ್ಸೆಗಳಾದವು. ಆಕೆ ಅದೇ ಊರಿಗೆ ವಾಪಸು ಬಂದರು. 2020ರ ಫೆಬ್ರವರಿಯಲ್ಲಿ ಅದೇ ತೀರದಲ್ಲಿ 73.5 ಅಡಿಯ ಅಲೆ ಏರಿ ಮಹಿಳೆಯರ ವಿಶ್ವದಾಖಲೆ ಬರೆದರು. ನಾವು ನಿಂತ ದಿನ ಕಡಲು ಸುಮ್ಮನಿತ್ತು. ಆದರೂ ಕೆಳಗಿನ ಮರಳಿಗೆ ಅಲೆ ಕುಸಿದಾಗ ಗೋಡೆಯ ಕಲ್ಲು ಅಂಗೈಗೆ ನಡುಗುತ್ತಿತ್ತು.

ಈ ಊರಿಗೆ ಬಂದರು ಕಟ್ಟಿದ್ದು 1980ರ ದಶಕದಲ್ಲಿ. ಅದಕ್ಕೂ ಮೊದಲು ದೋಣಿಗಳು ಇವೇ ತೆರೆಗಳನ್ನು ಸೀಳಿ ಹೊರಟು, ಇವೇ ತೆರೆಗಳ ಮೇಲೆ ಮರಳಬೇಕಿತ್ತು. ಬಂದ ದೋಣಿಯನ್ನು ಎತ್ತು ಕಟ್ಟಿ ದಡಕ್ಕೆ ಎಳೆಯುತ್ತಿದ್ದರು. ಬಾರದವರಿಗಾಗಿ ಹೆಂಗಸರು ಮರಳಿನಲ್ಲೇ ಕೂತು ಕಾಯುತ್ತಿದ್ದರು. ಆಟದ ಅಲೆಯನ್ನು ನೋಡಲು ಬಂದವರು ಮೀನು ಒಣಹಾಕುವ ಈ ಅಜ್ಜಿಯರ ಬಳಿಯೂ ಒಂದು ಗಳಿಗೆ ನಿಲ್ಲಬೇಕು. ಈ ಕಡಲನ್ನು ಬಲ್ಲವರಲ್ಲಿ ಹಿರಿಯರು ಅವರೇ.

ದಕ್ಷಿಣಕ್ಕೆ ಪೆನೀಶ್. ಒಂದು ಕಾಲದಲ್ಲಿ ದ್ವೀಪವಾಗಿದ್ದ ಈ ಊರು ಮರಳು ತುಂಬಿ ನೆಲಕ್ಕೆ ಅಂಟಿಕೊಂಡಿದೆ. ಸರ್ಫರ್‌ಗಳಿಗೆ ಅದೇ ಭಾಗ್ಯ. ಭೂಶಿರದ ಒಂದು ಮಗ್ಗುಲಲ್ಲಿ ಗಾಳಿ ಅಲೆಯನ್ನು ಕೆಡಿಸಿದರೆ ಇನ್ನೊಂದು ಮಗ್ಗುಲಲ್ಲಿ ಅದೇ ಗಾಳಿ ದಡದಿಂದ ಬೀಸಿ ಅಲೆಯನ್ನು ನೇರ ನಿಲ್ಲಿಸುತ್ತದೆ. ಬೆಳಿಗ್ಗೆ ಎದ್ದವರೆಲ್ಲ ಮೊಬೈಲಿನಲ್ಲಿ ನೋಡುವುದು ಮೂರು ಸಂಗತಿ: ಅಲೆಯ ಎತ್ತರ, ಒಂದು ಅಲೆಗೂ ಮತ್ತೊಂದಕ್ಕೂ ನಡುವಿನ ಸೆಕೆಂಡುಗಳು, ಗಾಳಿಯ ದಿಕ್ಕು. ಸೆಕೆಂಡು ಹೆಚ್ಚಿದಷ್ಟೂ ಅಲೆಗೆ ಕಸುವು ಹೆಚ್ಚು. ಸೂಪರ್‌ಟ್ಯೂಬೊಸ್ ತೀರದಲ್ಲಿ ಅಂಥ ಅಲೆ ಮುಗುಚುವಾಗ ಒಳಗೆ ಪೊಳ್ಳು ಕೊಳವೆಯಾಗುತ್ತದೆ. ನುರಿತವರು ಅದರೊಳಗೆ ಮಾಯವಾಗಿ, ಆಚೆ ಬಾಯಿಯಿಂದ ತುಂತುರಿನ ಜೊತೆ ಹೊರಬರುತ್ತಾರೆ. ಅದನ್ನು ದಡದಲ್ಲಿ ನಿಂತು ನೋಡುವುದೇ ನಮಗೆ ಸಾಕಾಯಿತು. ಸರ್ವಾಧಿಕಾರದ ಕಾಲದಲ್ಲಿ ರಾಜಕೀಯ ಕೈದಿಗಳನ್ನು ಕೂಡಿಹಾಕಿದ್ದ ಕೋಟೆಯೂ ಇದೇ ಊರಲ್ಲಿದೆ. ಈಗ ಅದು ಪ್ರತಿರೋಧ ಮತ್ತು ಸ್ವಾತಂತ್ರ್ಯದ ವಸ್ತುಸಂಗ್ರಹಾಲಯ. ಅಲೆ ಇಲ್ಲದ ದಿನವಾದರೂ ಒಳಗೆ ಹೋಗಿ ಬರಬೇಕು.

ನಮ್ಮ ಪಾಲಿನ ನೀರು ಎರಿಸೇರದಲ್ಲಿತ್ತು. 1910ರ ಅಕ್ಟೋಬರ್ 5ರಂದು ಪೋರ್ಚುಗಲ್ಲಿನ ಕೊನೆಯ ರಾಜ ಎರಡನೇ ಮನುವೆಲ್ ದೇಶ ಬಿಟ್ಟು ದೋಣಿ ಹತ್ತಿದ್ದು ಇಲ್ಲಿನ ಮೀನುಗಾರರ ತೀರದಿಂದ. 2011ರಲ್ಲಿ ಈ ದಂಡೆ ಯುರೋಪಿನ ಮೊದಲ ವಿಶ್ವ ಸರ್ಫಿಂಗ್ ಮೀಸಲು ಪ್ರದೇಶವಾಯಿತು. ಕಾಡಿಗೆ ಮೀಸಲು ಇದ್ದಂತೆ ಅಲೆಗೂ ಮೀಸಲು. ತಳದ ಬಂಡೆಯ ಆಕಾರ ಕೆಟ್ಟರೆ ಅಲೆಯ ಆಕಾರವೂ ಕೆಡುತ್ತದೆ. ತಪ್ಪಾದ ಜಾಗದಲ್ಲಿ ಕಟ್ಟಿದ ಒಂದೇ ತಡೆಗೋಡೆ ಸಾಕು, ಸಾವಿರಾರು ವರ್ಷದ ಅಲೆ ಇಲ್ಲವಾಗಲು. ನಮ್ಮಲ್ಲೂ ಕರಾವಳಿಯುದ್ದಕ್ಕೆ ಕಲ್ಲು ಸುರಿಯುವ ಮುನ್ನ ಇದನ್ನು ಯೋಚಿಸುವವರು ಬೇಕು.

ರಿಬೇರಾ ದಿಲ್ಯಾಸ್ ಕಣಿವೆಯಲ್ಲಿ ವ್ಯಾನು ನಿಲ್ಲಿಸಿ, ನಿನ್ನೆಯ ಒದ್ದೆ ಸೂಟನ್ನು ಬೆಳಗಿನ ಚಳಿಯಲ್ಲಿ ಮತ್ತೆ ಮೈಗೇರಿಸಿಕೊಂಡೆವು. ಎದೆಗೆ 4 ಮಿಲಿಮೀಟರ್, ಕೈಕಾಲಿಗೆ 3 ಮಿಲಿಮೀಟರ್ ದಪ್ಪದ ರಬ್ಬರು. ಇಲ್ಲಿನ ನೀರಿಗೆ ಅದಿಲ್ಲದೆ ಇಳಿಯಲಾಗದು. ಕಾಲು ಜಾರದಂತೆ ಹಲಗೆಗೆ ಮೇಣ ಉಜ್ಜಬೇಕು. ಸಣ್ಣ ಸಣ್ಣ ಸುತ್ತು ಹಾಕಿ ಉಜ್ಜುತ್ತ ಹೋದರೆ ನುಣುಪಾದ ಮೈಯಲ್ಲಿ ಗುಳ್ಳೆಗಳಂತೆ ಮೇಣ ಎದ್ದು ನಿಲ್ಲುತ್ತದೆ, ತೆಂಗಿನಕಾಯಿಯ ವಾಸನೆ ಬರುತ್ತದೆ. ನೀರಲ್ಲಿ ಸಾಲಾಗಿ ಕೂತವರ ನಡುವೆ ಒಂದು ನಿಯಮ: ಅಲೆ ಮುರಿಯಲು ಶುರುವಾದ ತುದಿಗೆ ಯಾರು ಹತ್ತಿರವೋ ಅಲೆ ಅವರದು. ಉಳಿದವರು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟು ಕಾಯುವುದರಲ್ಲೇ ಬೆಳಗು ಕಳೆಯುತ್ತದೆ. ಕೊನೆಗೆ ನಮ್ಮದೆಂಬ ಒಂದು ಅಲೆ ಹಲಗೆಯ ಹಿಂಬದಿಯನ್ನು ಎತ್ತಿ ಮುಂದಕ್ಕೆ ತಳ್ಳಿದಾಗ, ಕಾಲಡಿ ಸಿಕ್ಕ ಆ ಕೆಲವು ಕ್ಷಣಗಳಿಗೆ ಇಡೀ ಪ್ರಯಾಣವನ್ನು ಕೊಟ್ಟುಬಿಡಬಹುದು ಅನಿಸಿತು.

ಲಿಸ್ಬನ್ ದಾಟಿದ ಮೇಲೆ ಊರುಗಳು ವಿರಳ. ವಿಸೆಂಟೀನ ದಂಡೆ ರಕ್ಷಿತ ಪ್ರದೇಶ. ಬಿಳಿ ಸುಣ್ಣದ ಮನೆಗಳು, ಕಾರ್ಕ್ ಮರಗಳು, ಕೊನೆಯಲ್ಲಿ ಮಣ್ಣು ರಸ್ತೆ. ಸಾರ್ದಾಂವ್ ಭೂಶಿರದಲ್ಲಿ ಬಿಳಿ ಕೊಕ್ಕರೆಗಳು ಕಡಲ ನಡುವಿನ ಬಂಡೆಗಂಬಗಳ ತಲೆಯ ಮೇಲೆ ಗೂಡು ಕಟ್ಟುತ್ತವೆ. ಈ ಜಾತಿಯ ಕೊಕ್ಕರೆ ಕಡಲಬಂಡೆಯಲ್ಲಿ ಸಂಸಾರ ಹೂಡುವುದು ಅಪರೂಪದಲ್ಲಿ ಅಪರೂಪ. ಗುರುತು ಮಾಡಿದ ಜಾಗದ ಹೊರತು ಇಲ್ಲಿ ರಾತ್ರಿ ವ್ಯಾನಿನಲ್ಲಿ ತಂಗುವಂತಿಲ್ಲ, ತಂಗಿದರೆ ದಂಡ. ಅದು ಸರಿಯಾದ ಕಾನೂನು. ಅರಿಫಾನ, ಅಮಾದೊ ತೀರಗಳನ್ನು ಮುಟ್ಟಿ ಸಾಗ್ರೆಶ್ ತಲುಪಿದರೆ ಯುರೋಪಿನ ನೈಋತ್ಯ ಮೂಲೆ ಮುಗಿಯುತ್ತದೆ.

ಹೋಗುವವರಿಗೆ ಎರಡು ಮಾತು. ಬೇಸಿಗೆಯಲ್ಲಿ ಅಲೆ ಚಿಕ್ಕದು, ಉತ್ತರದ ಗಾಳಿ ಜೋರು, ಬಾಡಿಗೆ ದುಬಾರಿ. ಸೆಪ್ಟೆಂಬರ್ ಕೊನೆಯಿಂದ ಹೊರಡಿ. ಹಲಗೆಯ ಮೇಲೆ ನಿಲ್ಲುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕಿಲ್ಲ. ಮೂಲ್ಕಿಯಲ್ಲಿ 2004ರಿಂದ ಸರ್ಫಿಂಗ್ ಕ್ಲಬ್ ಇದೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲಿನ ಅಳಿವೆಯಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೆದಿವೆ. ನೀರು ಬೆಚ್ಚಗಿದೆ, ರಬ್ಬರು ಸೂಟು ಬೇಡ. ಈಜು ಬಂದರೆ ಸಾಕು, ಕಲಿಸುವವರ ಜೊತೆ ಅಲ್ಲಿಂದಲೇ ಶುರು ಮಾಡಿ.