ತವರಿಗೆ ಮರಳಿದ ಮಗಳು

ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆತನಗಳ ಬೀಗತನ ಬಸವಕಲ್ಯಾಣ, ಭಾಲ್ಕಿ, ಆಳಂದದವರೆಗೆ ಹಬ್ಬಿದೆ. ಗಡಿಯಾಚೆ ಕೊಟ್ಟ ಮಗಳು ಹಿಂಸೆ ತಾಳದೆ ತವರಿಗೆ ಮರಳಿದಾಗ, ದೇಹ ಬಂದಷ್ಟು ಬೇಗ ಮನಸ್ಸು ಬರುವುದಿಲ್ಲ. ಫೋನು ಸದ್ದಾದರೆ ಬೆಚ್ಚುತ್ತಾಳೆ; ತಪ್ಪು ತನ್ನದೇ ಎನ್ನುತ್ತಾಳೆ; ಬೈದವನನ್ನೇ ನೆನೆದು ಅಳುತ್ತಾಳೆ. ಇದನ್ನು ಕಂಡ ಹಿರಿಯರು ‘ಇನ್ನೂ ಮಾಯೆಯಿದೆ, ಕಳುಹಿಸಿಬಿಡೋಣ’ ಎಂದು ಆತುರಪಡುವುದುಂಟು. ಅದು ಗಾಯದ ಲಕ್ಷಣವೆಂಬುದು ಅವರಿಗೆ ಹೊಳೆಯುವುದಿಲ್ಲ.

ಕೌಶಿಕನ ಅರಮನೆ ತೊರೆದು ಬಂದ ಮಹಾದೇವಿಯನ್ನು ಕಲ್ಯಾಣದಲ್ಲಿ ಅಲ್ಲಮನು ಕಠಿಣವಾಗಿಯೇ ಪ್ರಶ್ನಿಸಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಕೊನೆಗೆ ಶರಣರು ಆಕೆಯನ್ನು ಅಕ್ಕನೆಂದು ಒಪ್ಪಿದರು. ನಮ್ಮ ನೆರೆಹೊರೆಯ ಪ್ರಶ್ನೆಗಳಿಗೆ ಆ ಕೊನೆಯಿಲ್ಲ.

2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಭಾವನಾತ್ಮಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. 22ನೆಯ ಕಲಮಿನಡಿ ಮಾನಸಿಕ ಯಾತನೆಗೆ ಪರಿಹಾರವುಂಟು. ಗಂಡನ ಮನೆ ಕರ್ನಾಟಕದಲ್ಲಿದ್ದರೂ, 27ನೆಯ ಕಲಮಿನಂತೆ, ಆಕೆ ತಂಗಿರುವ ಊರಿನ ಮ್ಯಾಜಿಸ್ಟ್ರೇಟರಲ್ಲಿಯೇ ಅರ್ಜಿ ಕೊಡಬಹುದು. ಪ್ರತಿ ತಾರೀಖಿಗೂ ಆ ಊರಿನ ಬಸ್ಸು ಹತ್ತಬೇಕಿಲ್ಲವೆಂಬುದು ಚೇತರಿಕೆಗೆ ಸಣ್ಣ ಮಾತಲ್ಲ. ನಿದ್ದೆಗೆಟ್ಟ ರಾತ್ರಿಗಳಿಗೆ ಟೆಲಿ ಮಾನಸ್‌ನ 14416 ಸಂಖ್ಯೆಯಿದೆ.

ಜೊತೆಗೆ ಬಂದ ಮಗುವಿನ ವರ್ಗಾವಣೆ ಪತ್ರ ತಡವಾದರೂ, 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ, ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಬೇಗ ಸೇರಿಸಿದರೆ ಒಳಿತು. ಬೆಳಗಿನ ಡಬ್ಬಿ ಕಟ್ಟುವ ಕೆಲಸ ತಾಯಿಯ ದಿನಕ್ಕೂ ಒಂದು ಹದ ತರುತ್ತದೆ.