ಭಾನುವಾರ ಕಲಿತ ವಾಕ್ಯ ಬುಧವಾರ ಎಲ್ಲಿ ಹೋಗುತ್ತೆ?

ಸಂಡೇ ಸ್ಕೂಲಲ್ಲಿ ಪಟಪಟ ಅಂತ ಹೇಳಿದ ಬೈಬಲ್ ವಾಕ್ಯ.
ಬುಧವಾರ ಕೇಳಿದ್ರೆ ಮಗುವಿಗೆ ನೆನಪೇ ಇಲ್ಲ.
ಯಾಕೆ?

ಇದು ಮಗುವಿನ ತಪ್ಪಲ್ಲ.
ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿ,
1885ರಲ್ಲೇ ತೋರಿಸಿದ್ರು:
ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬೇಗ ಜಾರುತ್ತೆ.
ಹಲವು ದಿನಗಳಲ್ಲಿ ಹಂಚಿ ಮತ್ತೆ ಮತ್ತೆ ಕಲಿತದ್ದು ಹೆಚ್ಚು ನಿಲ್ಲುತ್ತೆ.

ಹೊಲದ ನಡುವಿನ ಕಾಲುದಾರಿ ನೋಡಿದ್ದೀರಲ್ಲ?
ಒಂದೇ ದಿನ ನೂರು ಸಲ ಓಡಾಡಿ ಬಿಟ್ಟುಬಿಟ್ರೆ,
ಹುಲ್ಲು ಮತ್ತೆ ಏಳುತ್ತೆ.
ದಿನಾ ನಾಲ್ಕು ಹೆಜ್ಜೆ ಬಿದ್ರೆ,
ದಾರಿ ತಾನಾಗೇ ಮೂಡುತ್ತೆ.

ಹಾಗಾಗಿ ಶನಿವಾರ ರಾತ್ರಿ ಗಂಟೆಗಟ್ಟಲೆ ಕೂರಿಸಬೇಡಿ.
ಬೆಳಿಗ್ಗೆ ತಿಂಡಿ ಹೊತ್ತಿಗೆ ಒಮ್ಮೆ,
ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಒಮ್ಮೆ. ಸಾಕು.

ಶುರುವಿಗೆ 117ನೇ ಕೀರ್ತನೆ ತಗೊಳ್ಳಿ.
ಎರಡೇ ವಚನ!
ಇಡೀ ಬೈಬಲ್‌ನಲ್ಲೇ ಅತಿ ಚಿಕ್ಕ ಅಧ್ಯಾಯ.
ಒಂದು ಅಧ್ಯಾಯ ಪೂರ್ತಿ ಬರುತ್ತೆ ಅನ್ನೋ ಖುಷಿ ಮಗುವಿಗೆ ತುಂಬ ದೊಡ್ಡದು.
ಆಮೇಲೆ 23ನೇ ಕೀರ್ತನೆ. ಆರು ವಚನ, ವಾರಕ್ಕೊಂದು.

ಪದೇ ಪದೇ ಓದಿಸಬೇಡಿ.
ಪುಸ್ತಕ ಮುಚ್ಚಿ ಹೇಳಿಸಿ.
ತಡವರಿಸಿದ್ರಾ?
ತಕ್ಷಣ ಹೇಳಿಕೊಡಬೇಡಿ, ಸ್ವಲ್ಪ ಕಾಯಿರಿ.
ನೆನಪಿಸಿಕೊಳ್ಳೋ ಆ ಪ್ರಯತ್ನದಲ್ಲೇ ವಾಕ್ಯ ಗಟ್ಟಿಯಾಗೋದು.

ಹಾಂ, ಮನೆಯಲ್ಲಿ ಎಲ್ಲರೂ ಒಂದೇ ಅನುವಾದ ಹಿಡೀರಿ.
ಅಜ್ಜಿ ಹಳೆಯ ಸತ್ಯವೇದದ್ದು,
ಅಪ್ಪ ಮೊಬೈಲಿನದ್ದು ಹೇಳಿದ್ರೆ,
ಮಗು ಪದಗಳನ್ನ ಕಲಸಿಕೊಳ್ಳುತ್ತೆ.

ಅರ್ಥನೂ ಹೇಳಿ.
23ನೇ ಕೀರ್ತನೆಯಾದ್ರೆ, ಕುರುಬನಿಲ್ಲದ ಕುರಿಗೆ ಏನಾಗುತ್ತೆ ಅಂತ ಮಗುವನ್ನೇ ಕೇಳಿ.
ಉತ್ತರ ಕೇಳಿಸಿಕೊಳ್ಳಿ.

ತಪ್ಪಿದ್ರೆ ಮಾತ್ರ ದಯವಿಟ್ಟು ಬೈಬೇಡಿ.
ದೇವರ ವಾಕ್ಯ ಮಗುವಿಗೆ ಬೈಗುಳದ ಜೊತೆ ನೆನಪಾಗಬಾರದು.
ಇವತ್ತು ರಾತ್ರಿ ಪ್ರಾರ್ಥನೆಗೆ ಕೂತಾಗ,
ಮೊದಲು ನೀವೇ ಒಂದು ವಚನ ಹೇಳಿ.