ಬಿದ್ದ ತಂತಿಗೆ ಮರಳಿ ಬರುವ ವಿದ್ಯುತ್ತು

ಮುಂಗಾರು ಗಾಳಿಯ ರಾತ್ರಿಗಳಲ್ಲಿ ಗುಮ್ಮಘಟ್ಟದಂಥ ಬಯಲುಸೀಮೆಯ ಊರುಗಳಲ್ಲಿ ದೀಪವು ಆರಿ, ಕೆಲವೇ ಕ್ಷಣಗಳಲ್ಲಿ ಮತ್ತೆ ಹೊತ್ತಿಕೊಳ್ಳುವುದುಂಟು. ಕೆಲವೆಡೆ ಸಬ್‌ಸ್ಟೇಷನ್ನಿನ ಆಪರೇಟರೇ ಕೈಯಿಂದ ಸ್ವಿಚ್ಚು ಹಾಕಿ ನೋಡುತ್ತಾರೆ. ಕೆಲವೆಡೆ ಆ ಕೆಲಸವನ್ನು ರಿಲೇ ಎಂಬ ಕಾವಲು ಯಂತ್ರವೇ ಮಾಡುತ್ತದೆ. ಇದಕ್ಕೆ ಆಟೋ ರಿಕ್ಲೋಸಿಂಗ್ ಎಂದು ಹೆಸರು. ಎಂಜಿನಿಯರರ ನಕ್ಷೆಗಳಲ್ಲಿ 79 ಎಂಬ ಅಂಕಿಯೇ ಅದರ ಗುರುತು. ಬೋರ್‌ವೆಲ್ ಮೋಟಾರಿಗೆ ಆಟೋ ಸ್ಟಾರ್ಟರ್ ಕೂರಿಸಿದ ರೈತರಿಗೆ ಈ ತತ್ವ ಅಪರಿಚಿತವಲ್ಲ. ಆದರೆ ರಿಲೇಯು ಕಾಯುವುದಷ್ಟೇ ಅಲ್ಲ, ತನ್ನ ಪ್ರಯತ್ನಗಳನ್ನು ಎಣಿಸುತ್ತದೆ ಸಹ.

ಬಯಲಿನ ತಂತಿಗಳಲ್ಲಿ ತಲೆದೋರುವ ದೋಷಗಳಲ್ಲಿ ಹೆಚ್ಚಿನವು ಕ್ಷಣಿಕ. ಬೇವಿನ ಕೊಂಬೆ ತಾಗಿ ಸರಿಯುತ್ತದೆ, ಸಿಡಿಲಿಗೆ ಇನ್ಸುಲೇಟರಿನ ಮೇಲೆ ಕಿಡಿ ಹಾಯುತ್ತದೆ. ಬ್ರೇಕರ್ ತೆರೆದು ಪ್ರವಾಹ ನಿಂತೊಡನೆ ಕಿಡಿ ಹಾಯ್ದ ಗಾಳಿಯು ತಣ್ಣಗಾಗುತ್ತದೆ. ಅಷ್ಟು ಹೊತ್ತು ಕಾಯಬೇಕಾದ ಅವಧಿಯೇ ಇಲ್ಲಿಯ ಮುಖ್ಯ ಲೆಕ್ಕ. ಅದು ತೀರ ಕಡಿಮೆಯಾದರೆ ಕಿಡಿ ಮತ್ತೆ ಹಾರುತ್ತದೆ. 220 ಮತ್ತು 400 ಕಿಲೋವೋಲ್ಟಿನ ಮಾರ್ಗಗಳಲ್ಲಿ ಸಾಮಾನ್ಯವಾಗಿ ದೋಷವಿರುವ ಒಂದೇ ತಂತಿಯನ್ನು ಸುಮಾರು 1 ಸೆಕೆಂಡು ತೆರೆದಿಟ್ಟು, ಒಂದೇ ಬಾರಿ ಪ್ರಯತ್ನಿಸುತ್ತಾರೆ. ಹಳ್ಳಿಗೆ ಬರುವ 11 ಕಿಲೋವೋಲ್ಟಿನ ಫೀಡರಿನಲ್ಲಿ ಎರಡು ಮೂರು ಪ್ರಯತ್ನಗಳಿಗೂ ಅವಕಾಶವಿಡಬಹುದು. ದೋಷ ಹೋಗದಿದ್ದರೆ ರಿಲೇ ತಾನೇ ಬೀಗ ಹಾಕಿಕೊಳ್ಳುತ್ತದೆ. ಆ ಬಳಿಕ ಮನುಷ್ಯರೇ ಬಂದು ನೋಡಬೇಕು. ನೆಲದೊಳಗಿನ ಕೇಬಲ್ಲಿನ ದೋಷ ತಾನಾಗಿ ಮಾಯುವುದು ಅಪರೂಪ. ಆದ್ದರಿಂದ ಅಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿಡುವುದೇ ರೂಢಿ. ಲೈನ್‌ಮನ್ ಕೆಲಸಕ್ಕಿಳಿಯುವ ಮುನ್ನವೂ ಇದನ್ನು ನಿಲ್ಲಿಸತಕ್ಕದ್ದು.

ಶಾಲೆಗೆ ಹೊಲದ ದಾರಿಯಲ್ಲಿ ನಡೆಯುವ ಮಕ್ಕಳ ತಂದೆತಾಯಿಗಳು ಗಮನಿಸಬೇಕಾದುದು ಬೇರೆಯೇ ಇದೆ. ಊರಿನಲ್ಲಿ ದೀಪ ಆರಿದೆಯೆಂದ ಮಾತ್ರಕ್ಕೆ ಬಿದ್ದ ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ತಿಳಿಯಲಾಗದು. ಮರುಕ್ಷಣವೇ ಅದು ಮರಳಬಹುದು. ಇನ್ನೂ ಕೆಟ್ಟ ಸಂಗತಿಯೆಂದರೆ, ಹಗರಿಯ ದಂಡೆಯಲ್ಲಿರುವಂಥ ಒಣ ಮರಳಿನ ಮೇಲೆ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಪ್ರವಾಹವು ಎಷ್ಟು ಅಲ್ಪವಾಗಿರಬಹುದೆಂದರೆ, ರಿಲೇಗೆ ಅದರ ಸುಳಿವೇ ಸಿಗದೆ ಹೋಗಬಹುದು. ಆಗ ದೀಪವೂ ಆರುವುದಿಲ್ಲ. ಅಂಥ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿದ್ದು, ಇತರರನ್ನೂ ದನಕರುಗಳನ್ನೂ ತಡೆದು, 1912ಕ್ಕೆ ಕರೆಮಾಡಬೇಕು.

ದುರಂತ ಸಂಭವಿಸಿದರೆ ಹೊಣೆ ಯಾರದು? 1997ರ ಆಗಸ್ಟಿನ ಒಂದು ರಾತ್ರಿ ಮಧ್ಯಪ್ರದೇಶದಲ್ಲಿ, ಮಳೆನೀರು ನಿಂತ ರಸ್ತೆಯಲ್ಲಿ ಬಿದ್ದಿದ್ದ ತಂತಿಯಿಂದ ಸೈಕಲ್ ಸವಾರನೊಬ್ಬ ಮೃತಪಟ್ಟನು. ಯಾರೋ ಅಕ್ರಮವಾಗಿ ತಂತಿ ಎಳೆದಿದ್ದರೆಂದು ವಿದ್ಯುತ್ ಮಂಡಳಿ ವಾದಿಸಿತು. ಅಪಾಯಕಾರಿ ವಸ್ತುವನ್ನು ಪೂರೈಸುವವರು, ತಮ್ಮ ಅಜಾಗ್ರತೆ ಸಾಬೀತಾಗದಿದ್ದರೂ ಹೊಣೆಗಾರರೇ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಶೈಲ ಕುಮಾರಿ ಪ್ರಕರಣದಲ್ಲಿ ತೀರ್ಪಿತ್ತಿತು. ರಿಲೇ ಕೆಲಸಮಾಡಲಿಲ್ಲ ಎಂಬುದು ಇಂಥ ಹೊಣೆಯಿಂದ ಪಾರಾಗುವ ದಾರಿಯಾಗದು.

2003ರ ವಿದ್ಯುತ್ ಕಾಯ್ದೆಯ 161ನೇ ಕಲಮು ಇಂಥ ಅಪಘಾತಗಳ ವರದಿ ಮತ್ತು ವಿಚಾರಣೆಗೆ ಸಂಬಂಧಿಸಿದ್ದು. ಈಗಿನ ಡಿಜಿಟಲ್ ರಿಲೇಗಳು ಯಾವಾಗ ತೆರೆದವು, ಯಾವಾಗ ಮರಳಿ ಮುಚ್ಚಿದವು ಎಂಬುದನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಬರೆದಿಡುತ್ತವೆ. ಆದರೆ ಹೊಸ ದಾಖಲೆಗಳು ತುಂಬಿದಂತೆ ಹಳೆಯವು ಅಳಿಯುತ್ತವೆ. ಆದಕಾರಣ ಆ ದಾಖಲೆಯನ್ನು ಕಾದಿರಿಸಬೇಕೆಂಬ ಅರ್ಜಿಯನ್ನು ನೊಂದ ಕುಟುಂಬವು ಮೊದಲ ದಿನಗಳಲ್ಲಿಯೇ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿಯ ಮುದ್ರೆ ಪಡೆದಿಟ್ಟುಕೊಳ್ಳುವುದು ಒಳಿತು.